ಹೆಣ್ಣುಬಣ್ಣ ಅಂದ್ರೆ ಎಲ್ಲ ಕೆಟ್ಟ ಹೆಂಗಸರೂ ಅಲ್ಲ

ಯಕ್ಷಗಾನದಲ್ಲಿ ಕೈಕೇಯಿ, ಮಂಥರೆಯರನ್ನೂ 'ಹೆಣ್ಣುಬಣ್ಣ' ಅನ್ನಬಹುದಾ ಅಂತ ಕೇಳಿದ್ದೀರಿ. ಇಲ್ಲ, ಅನ್ನುವಂತಿಲ್ಲ.

ಈ ಮಾತು ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯಲ್ಲಿ, ಜಾಸ್ತಿ ಬಳಕೆಯಲ್ಲಿದೆ. ರಾಕ್ಷಸಿಯರಿಗೆ ಮಾತ್ರ ಸಲ್ಲುತ್ತದೆ. ಶೂರ್ಪನಖಿ, ತಾಟಕಿ, ಪೂತನಿ, ಅಜಮುಖಿ ಇವರೆಲ್ಲ ಹೆಣ್ಣುಬಣ್ಣಗಳು. ಇಲ್ಲಿ 'ಬಣ್ಣ' ಅಂದರೆ ಬಣ್ಣದ ವೇಷ. ಮುಖದ ತುಂಬ ದಟ್ಟ ಬಣ್ಣ, ಅದರ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣದ ಚಿಟ್ಟಿ (ಉಬ್ಬಿದ ಬಿಳಿ ಚುಕ್ಕಿಗಳು), ತೆರೆಯ ಹಿಂದಿನಿಂದ ಆರ್ಭಟ. ಸ್ತ್ರೀವೇಷದವರು, ಅಂದರೆ ರಾಣಿಯರಂಥ ಸಾಮಾನ್ಯ ಹೆಣ್ಣು ಪಾತ್ರ ಮಾಡುವವರು, ಇದನ್ನು ಮಾಡುವುದಿಲ್ಲ, ಬಣ್ಣದ ವೇಷಧಾರಿಗಳೇ ಮಾಡುತ್ತಾರೆ.

ಮಜಾ ಇರುವುದು ಮುಂದೆ. ಪೂತನಿ ಗೋಕುಲಕ್ಕೆ ಹೊರಡುವಾಗ ಚೆಲುವೆಯಾಗುತ್ತಾಳಲ್ವಾ? ಆಗ ವೇಷಧಾರಿಯೇ ಬದಲಾಗುತ್ತಾನೆ. ಬಣ್ಣದವರು ಒಳಗೆ ಹೋಗುತ್ತಾರೆ, ಸ್ತ್ರೀವೇಷದವರು 'ಮಾಯಾ ಪೂತನಿ'ಯಾಗಿ ಬರುತ್ತಾರೆ. ಮನಸ್ಸು ಅದೇ ವಿಷ, ಆದರೆ ಈಗ ಅದು ಹೆಣ್ಣುಬಣ್ಣ ಅಲ್ಲ! ಮಾಯಾ ಶೂರ್ಪನಖಿ, ಮಾಯಾ ಅಜಮುಖಿಯರದ್ದೂ ಇದೇ ಕತೆ. ಹಿಡಿಂಬಿಯನ್ನು ನೋಡಿ, ಭೀಮನನ್ನು ಮೆಚ್ಚಿ ಮದುವೆಯಾದವಳು, ಘಟೋತ್ಕಚನ ತಾಯಿ. ಕೆಟ್ಟವಳೇನಲ್ಲ. ಆದರೂ ರಾಕ್ಷಸಿ ರೂಪದಲ್ಲಿ ಅವಳೂ ಹೆಣ್ಣುಬಣ್ಣವೇ. ಅಂದರೆ ಈ ಹೆಸರು ವೇಷಕ್ಕೆ, ಗುಣಕ್ಕಲ್ಲ.

ಕೈಕೇಯಿ ಎಷ್ಟೇ ಹಟ ಹಿಡಿದರೂ ಅವಳದು ಸ್ತ್ರೀವೇಷ. ಮಂಥರೆಯನ್ನು ಸಾಮಾನ್ಯವಾಗಿ ಹಾಸ್ಯಗಾರರು ಮಾಡುತ್ತಾರೆ. ಹೆಣ್ಣುಬಣ್ಣಕ್ಕೆ ಬಡಗಿನ, ಅಂದರೆ ಉತ್ತರದ ಶೈಲಿಯ, ಕಡೆಯವರ ಬಾಯಲ್ಲಿ 'ರಾಕ್ಷಸಿ ವೇಷ' ಅಂತಲೂ ಕೇಳುತ್ತೀರಿ. ನಿಮ್ಮ ಲೇಖನದಲ್ಲಿ ಪೂತನಿ, ಕೈಕೇಯಿ, ಮಂಥರೆ ಇಂಥವರೆಲ್ಲರನ್ನೂ ಒಟ್ಟಿಗೆ ಹೇಳಬೇಕಿದ್ದರೆ ಸುಮ್ನೆ 'ಕೇಡಿನ ಹೆಣ್ಣು ಪಾತ್ರಗಳು' ಅಂತ ಬರೆಯಿರಿ. 'ಖಳನಾಯಕಿ' ಬೇಡ, ಅದು ಟಿವಿ ಧಾರಾವಾಹಿಯ ವಾಸನೆ ಹೊಡೆಯುತ್ತದೆ.