ಒಂದೇ ಫೈಲೋ, ಹಲವು ಫೈಲೋ ಅನ್ನುವುದನ್ನು ಬಿಡಿ, ಮೊದಲು ಎನೇಬಲ್ ಫೈಲ್ ಇಡಿ
ಡಿಸ್ಕ್‌ಗಳನ್ನು ನೆಟ್‌ವರ್ಕ್ ಮೇಲೆ ಹಂಚುವ ಡ್ರೈವರ್‌ಗೆ ಕಾನ್ಫಿಗ್‌ಎಫ್‌ಎಸ್ (ಡೈರೆಕ್ಟರಿ, ಫೈಲುಗಳ ಮೂಲಕ ಲಿನಕ್ಸ್ ಕರ್ನಲ್‌ಗೆ ಸೆಟ್ಟಿಂಗ್ ಕೊಡುವ ವ್ಯವಸ್ಥೆ) ಇಂಟರ್‌ಫೇಸ್ ಬರೆಯುತ್ತಿದ್ದೀರಿ, ಸೆಟ್ಟಿಂಗ್‌ಗಳೆಲ್ಲ ಒಂದೇ ಫೈಲಿಗೋ ಬೇರೆ ಬೇರೆ ಫೈಲಿಗೋ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ಎರಡು ವಾರ ಕೂತಿದ್ದೆ. ಕೊನೆಗೆ ಒಂದು ಫೈಲಿಗೆ ಒಂದೇ ಮೌಲ್ಯ ಅಂತ ಇಟ್ಟೆ. ಅದು ಸರಿಯೇ ಇತ್ತು. ಕೆಟ್ಟದ್ದು ಬೇರೆ ಕಡೆ.

ಡೈರೆಕ್ಟರಿ ಮಾಡಿದರೆ ಆಬ್ಜೆಕ್ಟ್ ಹುಟ್ಟುತ್ತಿತ್ತು. ಅದರೊಳಗೆ ಪಾತ್ (ಯಾವ ಡಿಸ್ಕ್ ಅಂತ), ಬ್ಲಾಕ್‌ಸೈಜ್, ರೀಡ್‌ಓನ್ಲಿ (ಓದಲು ಮಾತ್ರ) ಅಂತ ಫೈಲುಗಳು. ಪಾತ್ ಬರೆದ ತಕ್ಷಣ ನನ್ನ ಕೋಡ್ ಡಿಸ್ಕ್ ತೆರೆದು ಕ್ಲೈಂಟ್‌ಗಳಿಗೆ ತೋರಿಸಿಬಿಡುತ್ತಿತ್ತು. ಬಳಸುವವರಿಗೆ ಒಂದು ಹೆಜ್ಜೆ ಉಳಿಯಲಿ ಅಂತ ಹಾಗೆ ಮಾಡಿದ್ದೆ. ನನ್ನ ಟೆಸ್ಟ್ ಸ್ಕ್ರಿಪ್ಟ್ ಯಾವಾಗಲೂ ಪಾತ್ ಅನ್ನು ಕೊನೆಗೆ ಬರೆಯುತ್ತಿತ್ತು. ಹಾಗಾಗಿ ತೊಂದರೆ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಇನ್ನೊಬ್ಬರು ಪಾತ್ ಮೊದಲು ಬರೆದರು, ರೀಡ್‌ಓನ್ಲಿ ಆಮೇಲೆ. ಅವರ ತಪ್ಪಲ್ಲ. ಡೈರೆಕ್ಟರಿಯಲ್ಲಿ ಸುಮ್ನೆ ಕೂತಿರುವ ಫೈಲುಗಳನ್ನು ನೋಡಿದರೆ ಯಾವುದು ಮೊದಲು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಹಂಚಿದ್ದು ಒಂದು ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೇ ಹಿಡಿದ ಪ್ರತಿ. ಅದರ ಒಂದು ಬಿಟ್ ಕೂಡ ಬದಲಾಗಬಾರದಿತ್ತು. ಆ ಎರಡು ಫೈಲುಗಳನ್ನು ಬರೆಯುವ ನಡುವೆ, ಕಾಯುತ್ತಿದ್ದ ಕ್ಲೈಂಟ್ ಸೇರಿಕೊಂಡು ಅದನ್ನು ಮೌಂಟ್ ಮಾಡಿತು. ರೀಡ್‌ಓನ್ಲಿ ಮೌಂಟೇ. ಆದರೆ ಡಿವೈಸ್ ಬರೆಯಲು ಬಿಟ್ಟರೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ರೀಡ್‌ಓನ್ಲಿ ಮೌಂಟ್‌ನಲ್ಲೂ ಜರ್ನಲ್ ರೀಪ್ಲೇ (ಅರ್ಧಕ್ಕೆ ನಿಂತ ಬದಲಾವಣೆಗಳನ್ನು ದಾಖಲೆ ನೋಡಿ ಪೂರ್ತಿ ಮಾಡುವುದು) ಮಾಡುತ್ತದೆ, ಅಂದರೆ ಡಿಸ್ಕಿಗೆ ಬರೆಯುತ್ತದೆ. ಚೆಕ್‌ಸಮ್ ಹೊಂದಲಿಲ್ಲ. ಮೂಲ ಡಿಸ್ಕನ್ನು ಅಷ್ಟರಲ್ಲಿ ಅಳಿಸಿಯಾಗಿತ್ತು. ಇದ್ದ ಒಂದೇ ಪ್ರತಿಯನ್ನು ನಂಬುವ ಹಾಗಿರಲಿಲ್ಲ.

ಅದಕ್ಕಿಂತ ಜಾಸ್ತಿ ದಿನ ಕಾಡಿದ್ದು ರಿಪೇರಿ. 1 ಬರೆದಾಗ ಮಾತ್ರ ಡಿಸ್ಕ್ ಹಂಚುವ ಎನೇಬಲ್ ಫೈಲ್ ಸೇರಿಸಿದೆ. ಆದರೆ ಪಾತ್ ಬರೆದರೆ ಸಾಕು ಅಂತ ನಂಬಿದ ಸ್ಕ್ರಿಪ್ಟ್‌ಗಳು ಅಷ್ಟರಲ್ಲಿ ಎಲ್ಲೆಡೆ ಓಡುತ್ತಿದ್ದವು. ಯೂಸರ್‌ಸ್ಪೇಸ್ (ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಂಗಳು) ಮುರಿಯುವಂತಿಲ್ಲ. ಎರಡೂ ನಡವಳಿಕೆಯನ್ನು ಇವತ್ತಿಗೂ ಹೊತ್ತುಕೊಂಡಿದ್ದೇನೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಅನ್ನುತ್ತೇನೆ. ಫೈಲ್ ಎಷ್ಟು ಅನ್ನುವುದಲ್ಲ, ಆಬ್ಜೆಕ್ಟ್‌ಗೆ ಯಾವಾಗ ಜೀವ ಬರುತ್ತದೆ ಅನ್ನುವುದನ್ನು ಮೊದಲು ತೀರ್ಮಾನಿಸಿ. ಡೈರೆಕ್ಟರಿ ಮಾಡಿದಾಗ ಮೆಮೊರಿ ಮಾತ್ರ ತೆಗೆದುಕೊಳ್ಳಿ. ಸೆಟ್ಟಿಂಗ್‌ಗಳು ಯಾವ ಕ್ರಮದಲ್ಲಾದರೂ ಬರಲಿ. ಎನೇಬಲ್‌ಗೆ 1 ಬರೆದಾಗಲೇ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ ಡಿಸ್ಕ್ ತೆರೆಯಿರಿ. 1 ಇರುವಾಗ ಪಾತ್ ಬದಲಿಸಲು ಬಂದರೆ EBUSY (ಬಳಕೆಯಲ್ಲಿದೆ) ಎರರ್ ಕೊಡಿ. ಡಿಸ್ಕ್‌ಗಳನ್ನು ನೆಟ್‌ವರ್ಕ್ ಮೇಲೆ ಹಂಚುವ ಲಿನಕ್ಸ್‌ನ ಎನ್‌ವಿಎಂಇ ಟಾರ್ಗೆಟ್ ಡ್ರೈವರ್‌ನಲ್ಲಿ ಪ್ರತಿ ನೇಮ್‌ಸ್ಪೇಸ್‌ಗೂ (ಹಂಚುವ ಪ್ರತಿ ಡಿಸ್ಕಿಗೂ) ಇದೇ ರೀತಿಯ ಎನೇಬಲ್ ಇದೆ. ಟೆಸ್ಟ್‌ಗೆ ಬಳಸುವ ಹುಸಿ ಡಿಸ್ಕಿನ ನಲ್‌ಬ್ಲಾಕ್ ಡ್ರೈವರ್‌ನಲ್ಲಿ ಅದರ ಹೆಸರು ಪವರ್. ಎನ್‌ವಿಎಂಇ ಟಾರ್ಗೆಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಸಬ್‌ಸಿಸ್ಟಂ (ನೇಮ್‌ಸ್ಪೇಸ್‌ಗಳ ಗುಂಪು) ಅನ್ನು ನೆಟ್‌ವರ್ಕ್ ಪೋರ್ಟ್‌ಗೆ ಸಿಮ್‌ಲಿಂಕ್ ಮಾಡುವವರೆಗೆ ಅದು ಹೊರಗೆ ಕಾಣುವುದೇ ಇಲ್ಲ. ಈ ಎರಡು ಡ್ರೈವರ್‌ಗಳ ಕೋಡ್ ಓದದೆ ಒಂದು ಸಾಲೂ ಬರೆಯಬೇಡಿ.

ಡೈರೆಕ್ಟರಿ ಅಳಿಸುವ ಕಡೆಯೂ ಗಮನ ಇರಲಿ. ಆಗ ಕಾನ್ಫಿಗ್‌ಎಫ್‌ಎಸ್ ಕರೆಯುವ ನಿಮ್ಮ ಡ್ರಾಪ್ ಐಟಂ ಕಾಲ್‌ಬ್ಯಾಕ್ ವಾಯ್ಡ್, ಅಂದರೆ ಯಾವ ಉತ್ತರವನ್ನೂ ಹಿಂತಿರುಗಿಸುವುದಿಲ್ಲ. ಅಲ್ಲಿ ಬೇಡ ಅನ್ನಲು ದಾರಿಯಿಲ್ಲ. ಎನೇಬಲ್ 1 ಇದ್ದಾಗಲೇ ಅಳಿಸಿದರೆ ನೀವೇ ಡಿಸೇಬಲ್ ಮಾಡಿ, ನಡೆಯುತ್ತಿರುವ ಐಒ ಮುಗಿಯುವವರೆಗೆ ಕಾಯಿರಿ. ಮೆಮೊರಿಯನ್ನು ರಿಲೀಸ್ ಕಾಲ್‌ಬ್ಯಾಕ್‌ನಲ್ಲಿ (ಕೊನೆಯ ರೆಫರೆನ್ಸ್ ಹೋದ ಮೇಲೆ ಕರೆಯುವುದು) ಮಾತ್ರ ಬಿಡಿ. ಆ ಐಟಂನ ರೆಫರೆನ್ಸ್ ಅನ್ನು ಬೇರೆ ಯಾರೋ ಇನ್ನೂ ಹಿಡಿದಿರಬಹುದು.