ಪೇಪರ್ ಟೌನ್ ಪೇಪರ್ ಟೌನಾಗಿಯೇ ಇರಲಿ

ಪುಣೆಯಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ಮೂವತ್ತು ವರ್ಷಗಳ ಮೇಲೆ ಭದ್ರಾವತಿಗೆ ಹೋಗಿದ್ದೆ. ನಾನು ಬೆಳೆದ ಕ್ವಾರ್ಟರ್ಸ್‌ನ ಗೋಡೆಯಲ್ಲಿ ಅರಳಿ ಗಿಡ ಎದ್ದಿದೆ. ಉಕ್ಕಿನ ಕಾರ್ಖಾನೆಯವರ ಬಡಾವಣೆ ನ್ಯೂಟೌನ್ ಹೊಸದಾಗಿ ಉಳಿದಿಲ್ಲ, ಕಾಗದ ಕಾರ್ಖಾನೆಯವರ ಪೇಪರ್ ಟೌನಿನಲ್ಲಿ ಪೇಪರಿಲ್ಲ. ಅರ್ಥ ಕಳೆದುಕೊಂಡ ಈ ಇಂಗ್ಲಿಷ್ ಹೆಸರುಗಳನ್ನು ಕಿತ್ತು ನಾಡಿನ ಮಹನೀಯರ ಹೆಸರಿಡಬಾರದೇಕೆ?"

ಮಹನೀಯರ ಬಗ್ಗೆ ನನಗೆ ತಕರಾರಿಲ್ಲ. ಹೊಸ ಬಡಾವಣೆಗಳು ಬೇಕಾದಷ್ಟಿವೆ, ಅಲ್ಲಿ ಧಾರಾಳವಾಗಿ ಇಡಲಿ. ಆ ಮಾತು ಅಲ್ಲಿಗೆ ಬಿಡೋಣ.

ಪೇಪರಿಲ್ಲದ ಪೇಪರ್ ಟೌನ್ ಎಂದು ನಗುತ್ತೀರಿ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಮೆಜೆಸ್ಟಿಕ್ ಚಿತ್ರಮಂದಿರ ಎಲ್ಲಿದೆ ಸ್ವಾಮಿ? ಕೆಂಪೇಗೌಡ ಬಸ್ ನಿಲ್ದಾಣ ಎಂಬ ಫಲಕದ ಕೆಳಗೇ ನಿಂತು ಜನ "ಮೆಜೆಸ್ಟಿಕ್‌ನಲ್ಲಿದ್ದೇನೆ" ಎಂದು ಫೋನ್ ಮಾಡುತ್ತಾರೆ. ಕೆಂಪೇಗೌಡರ ಮೇಲಿನ ಅಗೌರವದಿಂದಲ್ಲ, ನಾಲಿಗೆಯ ಅಭ್ಯಾಸದಿಂದ. ನಾನೇ ಒಮ್ಮೆ ಒಂದು ಮದುವೆಗೆಂದು ಹೋಗಿ, ಆಮಂತ್ರಣದಲ್ಲಿದ್ದ ವೃತ್ತದ ಹೆಸರು ಹೇಳಿ ಮೂವರು ಆಟೊ ಚಾಲಕರಿಂದ ತಲೆಯಾಡಿಸಿಕೊಂಡಿದ್ದೇನೆ. ಕೊನೆಗೆ ಹೂ ಮಾರುವ ಅಜ್ಜಿ "ಹಳೇ ಡಿಪೋ ಹತ್ತಿರ ಎನ್ನಬಾರದೇ" ಎಂದು ಗದರಿದಳು. ಡಿಪೋ ಹೋಗಿ ಎಷ್ಟೋ ಕಾಲವಾಗಿತ್ತು.

ನಿಮ್ಮ ಊರಿನ ಮೊದಲ ಹೆಸರು ನಿಮಗೆ ಗೊತ್ತೇ ಇರಬೇಕು. ಹಳೇನಗರದ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಗುಡಿಯ ಸ್ಥಳಪುರಾಣದಲ್ಲಿ ವಂಕಿ ಮುನಿ ಬರುತ್ತಾನೆ. ಅವನ ವಂಕಿಪುರ ಜನರ ಬಾಯಲ್ಲಿ ಬೆಂಕಿಪುರವಾಯಿತು. 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ಸೇರಿ 1923ರಲ್ಲಿ ಕಬ್ಬಿಣ ಹರಿಯಿತು. ಕುಲುಮೆಯ ಊರಿಗೆ ಬೆಂಕಿಪುರಕ್ಕಿಂತ ಒಪ್ಪುವ ಹೆಸರುಂಟೇ? ಅದನ್ನು ಬಿಟ್ಟುಕೊಟ್ಟೆವು. ಭದ್ರಾ ನದಿಯಿಂದ ಬಂದ ಈಗಿನ ಹೆಸರು ಚೆಂದವೇ, ಆದರೂ ನನಗೆ ಇವತ್ತಿಗೂ ಹೊಟ್ಟೆಯುರಿ.

ನ್ಯೂಟೌನ್, ಪೇಪರ್ ಟೌನ್ ಯಾವ ಸಭೆಯ ನಿರ್ಣಯವೂ ಉಳಿಸಿಕೊಂಡ ಹೆಸರುಗಳಲ್ಲ. ಪಾಳಿ ಮುಗಿಸಿ ಸೈಕಲ್ ಏರಿದವರು, ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಂಡವರು ಉಳಿಸಿದ್ದು. ತಮಿಳು, ತೆಲುಗು, ಉರ್ದು ಮನೆಮಾತಿನವರೂ ಇದೇ ಹೆಸರುಗಳಲ್ಲಿ ವಿಳಾಸ ಹೇಳಿದರು. ಅದನ್ನು ಇಂಗ್ಲಿಷ್ ಎನ್ನುತ್ತೀರಾ? ನನಗಂತೂ ಬಸ್ಸು, ರೈಲಿನಷ್ಟೇ ಕನ್ನಡ.

ಸಿಟ್ಟು ಬರಬೇಕಾದದ್ದು ಬೇರೆ ಕಡೆ. ಕಳೆದ ದಶಕದ ನಡುವಿನಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದ ನೂರನೆಯ ವರ್ಷದಲ್ಲೇ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದು ಕೂತರು. ನಾಮಫಲಕಕ್ಕಾಗಿ ಊರೂರಲ್ಲಿ ಮೆರವಣಿಗೆ ಹೊರಡುವವರಲ್ಲಿ ಎಷ್ಟು ಮಂದಿ ಅಲ್ಲಿ ಹೋಗಿ ಕೂತರು? ಹಳೆಯ ಕ್ವಾರ್ಟರ್ಸ್‌ಗಳ ಒಂದು ನಕ್ಷೆ ಮಾಡಿಸಿ ಎಂದು ನಾನು ಕಚೇರಿಯೊಂದಕ್ಕೆ ಬರೆದ ಕಾಗದಕ್ಕೆ ಇನ್ನೂ ಉತ್ತರವಿಲ್ಲ. ಫಲಕಕ್ಕೆ ಬಣ್ಣ ಬಳಿಯಲು ಮಾತ್ರ ಎಲ್ಲೆಡೆ ದುಡ್ಡಿದೆ.

ಅರಳಿ ಗಿಡವನ್ನು ಗಮನಿಸಿದ ಕಣ್ಣು ನಿಮ್ಮದು. ಆ ಕಣ್ಣಿಂದ ಇನ್ನೊಂದು ಪತ್ರ ಬರೆಯಿರಿ: ನಿಮ್ಮ ಮನೆಯಿಂದ ಕಾರ್ಖಾನೆ ಗೇಟಿನವರೆಗೆ ಯಾವ ಅಂಗಡಿ, ಯಾವ ಮರ, ಯಾರ ಮನೆಯ ನಾಯಿ. ಎರಡು ಪುಟ ಮೀಸಲಿಡುತ್ತೇನೆ. ಒಂದು ಕಾಲಕ್ಕೆ ಈ ಪತ್ರಿಕೆ ಅಚ್ಚಾಗುತ್ತಿದ್ದುದೇ ನಿಮ್ಮ ಊರಿನ ಕಾಗದದ ಮೇಲೆ. ಈಗ ಹೊರಗಿನಿಂದ ತರಿಸುತ್ತೇವೆ.

— ಸಂ.