ಮಳೆ ಜೋರಾದ ರಾತ್ರಿ ಬೈಬಲ್ ಹಿಡಿದು ಕೂತರೆ ನೆಮ್ಮದಿ ಸಿಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಿಮ್ಮದು ಮಡಿಕೇರಿ ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಮಳೆ ಜೋರಾದ ರಾತ್ರಿ ನಿದ್ದೆ ಹತ್ತುವುದಿಲ್ಲ. ಜಪಮಾಲೆ ಹಿಡಿದರೆ ಬಾಯಿ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಬೈಬಲ್ ಓದಿ ಧ್ಯಾನ ಮಾಡು ಅಂತ ಯಾರೋ ಹೇಳಿದ್ದಾರೆ. ಹೇಗೆ ಮಾಡುವುದು, ನೆಮ್ಮದಿ ನಿಜವಾಗಿ ಸಿಗುತ್ತದಾ, ಇದು ನಮ್ಮ ಕಥೋಲಿಕ ಸಭೆಯದ್ದೇನಾ ಅಥವಾ ಬೇರೆ ಕಡೆಯಿಂದ ಬಂದದ್ದಾ?

ಸಿಗುತ್ತದೆ. ಆದರೆ ಮನಸ್ಸನ್ನು ಖಾಲಿ ಮಾಡಿಕೊಂಡು ಕೂರುವುದರಿಂದ ಅಲ್ಲ. ಭಯ ಇರುವವರು ಮನಸ್ಸು ಖಾಲಿ ಮಾಡಲು ಹೋದರೆ ಆ ಜಾಗಕ್ಕೆ ಮೊದಲು ಬಂದು ಕೂರುವುದು ಭಯವೇ. ಈ ಪ್ರಾರ್ಥನೆಯಲ್ಲಿ ಆ ಜಾಗಕ್ಕೆ ದೇವರ ಒಂದು ಮಾತನ್ನು ಕರೆದು ಕೂರಿಸುತ್ತೇವೆ. ಆಮೇಲೆ ಆ ಮಾತಿಗೆ ಉತ್ತರ ಕೊಡುತ್ತೇವೆ. ಉತ್ತರ ಕೊಡುವ ಭಾಗವನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ವಿರಾಜಪೇಟೆಯವಳು. ನಮ್ಮ ಸಂತ ಅನ್ನಮ್ಮ ಚರ್ಚ್ 1792ರದ್ದು, ಟಿಪ್ಪುವಿನ ಕಾಲದಲ್ಲಿ ಜೀವ ಉಳಿಸಿಕೊಂಡು ಬಂದವರಿಗೆ ಕೊಡಗಿನ ರಾಜರು ಆಸರೆ ಕೊಟ್ಟಾಗ ಶುರುವಾದದ್ದು. ಭಯದಲ್ಲಿ ಪ್ರಾರ್ಥನೆ ಮಾಡುವುದು ಈ ಮಣ್ಣಿನಲ್ಲಿ ಹೊಸದೇನಲ್ಲ. ನಾವು ಕೆಲವು ಹೆಂಗಸರು ಸೇರಿ ಹೀಗೆ ವಾಕ್ಯ ಓದುತ್ತಾ ಬಂದಿದ್ದೇವೆ. ನಮ್ಮಲ್ಲಿ ಮಕ್ಕಂದೂರು ಕಡೆಯಿಂದ ಎಲ್ಲವನ್ನೂ ಬಿಟ್ಟು ಬಂದವರೂ ಇದ್ದಾರೆ.

ಇದು ನಮ್ಮ ಸಭೆಯದ್ದೇ, ತುಂಬಾ ಹಳೆಯದು. ಹೆಸರು ಲೆಕ್ಸಿಯೊ ದಿವೀನಾ, ಲ್ಯಾಟಿನ್‌ನಲ್ಲಿ ದೈವಿಕ ಓದು ಅಂತ ಅರ್ಥ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ದಿನಾ ಕೆಲಸಕ್ಕೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಅಂತ ನಿಯಮ ಮಾಡಿದ್ದರು. ಹನ್ನೆರಡನೇ ಶತಮಾನದಲ್ಲಿ ಎರಡನೇ ಗೀಗೋ ಎಂಬ ಸನ್ಯಾಸಿ ಇದನ್ನು ಏಣಿಯ ನಾಲ್ಕು ಮೆಟ್ಟಿಲಾಗಿ ಬರೆದಿಟ್ಟರು: ಓದು, ಮನನ, ಪ್ರಾರ್ಥನೆ, ಆಮೇಲೆ ಸುಮ್ಮನೆ ದೇವರ ಜೊತೆ ಇರುವುದು. ಓದು ಅಂದರೆ ತುತ್ತು ಬಾಯಿಗೆ ಇಡುವುದು, ಮನನ ಅಂದರೆ ಅಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಹತ್ತುತ್ತದೆ, ಕೊನೆಯದು ಆ ಸಿಹಿಯೇ ಅನ್ನುತ್ತಾರೆ ಅವರು. ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಲ್ಲ ವಿಶ್ವಾಸಿಗಳಿಗೂ ಹೇಳಿತು: ಬೈಬಲ್ ಓದಿ, ಓದಿನ ಜೊತೆ ಪ್ರಾರ್ಥನೆಯೂ ಇರಲಿ. ಹಾಗಾಗಿ ಇದು ಫಾದರ್, ಸಿಸ್ಟರ್‌ಗಳಿಗೆ ಮಾತ್ರ ಅಂದುಕೊಳ್ಳಬೇಡಿ.

ಹೇಗೆ ಮಾಡುವುದು ಅಂತ ಒಂದು ಭಾಗ ಇಟ್ಟುಕೊಂಡೇ ಹೇಳುತ್ತೇನೆ. ಮಾರ್ಕನ ಶುಭಸಂದೇಶ, ನಾಲ್ಕನೇ ಅಧ್ಯಾಯ, 35ರಿಂದ 41. ಏಳೇ ವಾಕ್ಯ. ಯೇಸುಸ್ವಾಮಿ ಬಿರುಗಾಳಿಯನ್ನು ಅಡಗಿಸಿದ ಕಥೆ. ನಿಮಗೆ ಬಾಯಿಪಾಠ ಇರಬಹುದು. ಆದರೂ ಗೊತ್ತಿರುವ ಕಥೆ ಅಂತ ಓಡಿಸಬೇಡಿ. ನಿಧಾನವಾಗಿ, ನಿಮ್ಮ ಕಿವಿಗೆ ಕೇಳುವಷ್ಟು ಜೋರಾಗಿ ಓದಿ. ಸ್ವಲ್ಪ ತಡೆದು ಇನ್ನೊಮ್ಮೆ ಓದಿ. ಎಲ್ಲೋ ಒಂದು ಮಾತು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲೇ ನಿಂತುಬಿಡಿ. ಮುಂದಿನದ್ದು ಇವತ್ತು ಬೇಡ.

ಆ ಗಲಿಲೇಯ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗಿದೆ, ಸುತ್ತ ಬೆಟ್ಟ. ಬೆಟ್ಟದಿಂದ ಗಾಳಿ ಇಳಿದರೆ ನೀರು ಇದ್ದಕ್ಕಿದ್ದ ಹಾಗೆ ಕೆರಳುತ್ತದೆ. ದೋಣಿಯಲ್ಲಿದ್ದವರಲ್ಲಿ ಮೀನು ಹಿಡಿದೇ ಬದುಕಿದವರು ಇದ್ದರು. ಆ ನೀರು ಗೊತ್ತಿದ್ದವರೇ ಹೆದರಿದರು. ಹುಟ್ಟಿ ಬೆಳೆದ ಗುಡ್ಡಕ್ಕೆ ಹೆದರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಮ್ಮ ಗುಂಪಿನಲ್ಲಿ ಒಬ್ಬರು ನಿಂತದ್ದು ನಾನು ಯಾವತ್ತೂ ಗಮನಿಸದ ಜಾಗದಲ್ಲಿ. 36ನೇ ವಾಕ್ಯದ ಕೊನೆಗೆ, ಬೇರೆ ದೋಣಿಗಳೂ ಅವರ ಜೊತೆ ಇದ್ದವು ಅಂತ ಒಂದು ಮಾತಿದೆ. ಆ ದೋಣಿಗಳು ಏನಾದವು ಅಂತ ಮಾರ್ಕ ಮತ್ತೆ ಹೇಳುವುದೇ ಇಲ್ಲ. ಅವರು ಅದನ್ನೇ ಹಿಡಿದು ಕೂತರು. ತುಂಬಾ ಹೊತ್ತಾದ ಮೇಲೆ, "ನಮ್ಮ ಸಾಲಿನ ಮನೆಗಳು" ಅಂದರು. ಪರಿಹಾರ ಕೇಂದ್ರದಲ್ಲಿ ಪಕ್ಕದ ಚಾಪೆಯಲ್ಲಿ ಮಲಗಿದ್ದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಸಿಕೊಂಡರು. ಅದೇ ಅವರ ಪ್ರಾರ್ಥನೆ ಆಯಿತು. ಅವತ್ತು ಅವರಿಗೆ ಸಿಕ್ಕಿದ ಸಮಾಧಾನ ನನಗೆ ಅವರ ಮುಖದಲ್ಲೇ ಕಂಡಿತು. ತನ್ನ ಭಯ ಒಂದನ್ನೇ ಹೊತ್ತುಕೊಂಡು ಒಬ್ಬಳೇ ಕೂತಿದ್ದವರು ಎಲ್ಲರ ನಡುವೆ ಬಂದು ಕೂತ ಹಾಗಿತ್ತು.

ನನ್ನನ್ನು ಹಿಡಿಯುವುದು ದಿಂಬು. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆ ಇಟ್ಟು ಮಲಗಿದ್ದರು. ಈ ಕಥೆ ಮತ್ತಾಯ, ಲೂಕರಲ್ಲೂ ಇದೆ, ದಿಂಬು ಇರುವುದು ಮಾರ್ಕನಲ್ಲಿ ಮಾತ್ರ. ನಮಗೆ ನಿದ್ದೆ ಬರದ ರಾತ್ರಿ ಅವರು ಹಾಗೆ ಮಲಗಿದ್ದಾರೆ ಅಂದರೆ ಒಮ್ಮೊಮ್ಮೆ ಧೈರ್ಯ ಬರುತ್ತದೆ, ಒಮ್ಮೊಮ್ಮೆ ಸಿಟ್ಟೇ ಬರುತ್ತದೆ.

ಆ ಸಿಟ್ಟನ್ನು ನುಂಗಬೇಡಿ. ನನ್ನ ಉತ್ತರದಲ್ಲಿ ಒಂದೇ ಮಾತು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಶಿಷ್ಯರು ಅವರನ್ನು ಎಬ್ಬಿಸಿ ಕೇಳುವುದು ಏನು? ಗುರುವೇ, ನಾವು ಸಾಯುತ್ತಿದ್ದೇವೆ, ನಿಮಗೆ ಚಿಂತೆಯೇ ಇಲ್ಲವಾ ಅಂತ. ಇದಕ್ಕಿಂತ ನೇರವಾದ ಪ್ರಾರ್ಥನೆ ಇದೆಯಾ? ಯೇಸು ಎದ್ದು ಗಾಳಿಯನ್ನು ಗದರಿಸುತ್ತಾರೆ, ನೀರಿಗೆ ಸುಮ್ಮನಿರು ಅನ್ನುತ್ತಾರೆ. ಆಮೇಲೆ ಶಿಷ್ಯರನ್ನೂ ಪ್ರಶ್ನೆ ಕೇಳುತ್ತಾರೆ, ಯಾಕೆ ಇಷ್ಟು ಹೆದರುತ್ತೀರಿ, ಇನ್ನೂ ನಂಬಿಕೆ ಇಲ್ಲವಾ ಅಂತ. ಆದರೆ ಕ್ರಮ ನೋಡಿ. ಕೂಗಿದ್ದು ಮೊದಲು, ಶಾಂತವಾದದ್ದು ಆಮೇಲೆ. ನಾವು ಓದಿ ನೇರವಾಗಿ ಮೌನಕ್ಕೆ ಹಾರಲು ನೋಡುತ್ತೇವೆ. ನಡುವೆ ಇರುವ ಮೂರನೇ ಮೆಟ್ಟಿಲು ಪ್ರಾರ್ಥನೆ, ಅಂದರೆ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಪ್ರಭುವೇ, ಆ ರಾತ್ರಿ ನೀವು ಎಲ್ಲಿದ್ದಿರಿ ಅಂತ ಕೇಳಬೇಕು ಅನ್ನಿಸಿದರೆ ಕೇಳಿ. ಕೊಡವ ತಕ್ಕಲ್ಲೋ, ಕೊಂಕಣಿಯಲ್ಲೋ, ಮಲಯಾಳದಲ್ಲೋ, ಮನೆಯಲ್ಲಿ ಆಡುವ ಭಾಷೆಯಲ್ಲೇ ಕೇಳಿ. 88ನೇ ಕೀರ್ತನೆ ಓದಿ ನೋಡಿ. ಮೊದಲಿಂದ ಕೊನೆವರೆಗೆ ದೂರು, ಮುಗಿಯುವುದೂ ಕತ್ತಲಲ್ಲೇ. ಅಂಥದ್ದೂ ದೇವರ ವಾಕ್ಯ ಅಂತ ಬೈಬಲಿನೊಳಗೆ ಇದೆ.

ಹೇಳಿ ಮುಗಿದ ಮೇಲೆ ಸುಮ್ನೆ ಕೂತಿರಿ. ಏನೂ ಅನ್ನಿಸದಿದ್ದರೂ ಪರವಾಗಿಲ್ಲ. ಮನಸ್ಸು ಗುಡ್ಡದ ಕಡೆ ಓಡಿದರೆ ಹಿಡಿದ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿ. ಎಷ್ಟು ಸಲ ಓಡಿತು ಅಂತ ಲೆಕ್ಕ ಇಡಬೇಡಿ.

ಒಂದು ಎಚ್ಚರಿಕೆ. ಈ ಬಿರುಗಾಳಿಯ ಭಾಗವನ್ನು ಮಳೆ ಸುರಿಯುವ ರಾತ್ರಿಯೇ ಶುರುಮಾಡಬೇಡಿ. ಕಣ್ಣು ಮುಚ್ಚಿ ಆ ದೋಣಿಯಲ್ಲಿ ಕೂತ ಹಾಗೆ ಕಲ್ಪಿಸಿಕೊಳ್ಳಿ ಅಂತ ಕೆಲವರು ಹೇಳಿಕೊಡುತ್ತಾರೆ. ಸಂತ ಇಗ್ನೇಷಿಯಸರ ದಾರಿ ಅದು, ಒಳ್ಳೆಯದೇ. ಆದರೆ ಮಣ್ಣು ಕುಸಿಯುವುದನ್ನು ಕಣ್ಣಾರೆ ಕಂಡವರಿಗೆ ಆ ಕಲ್ಪನೆ ಹಳೆಯದನ್ನೆಲ್ಲ ಮತ್ತೆ ಎಬ್ಬಿಸಬಹುದು. ಬಿಸಿಲಿರುವ ಹಗಲಲ್ಲಿ, ಕಣ್ಣು ತೆರೆದುಕೊಂಡು, ಯಾರಾದರೂ ಜೊತೆಗಿರುವಾಗ ಮಾಡಿ. ರಾತ್ರಿಗೆ 131ನೇ ಕೀರ್ತನೆ ಸಾಕು. ಮೂರೇ ವಾಕ್ಯ. ಮೊಲೆಬಿಟ್ಟ ಮಗು ತಾಯಿಯ ಬಳಿ ಇರುವ ಹಾಗೆ ನನ್ನ ಪ್ರಾಣ ಶಾಂತವಾಗಿದೆ ಅನ್ನುತ್ತದೆ. ಆ ಮಗು ಹಾಲಿಗೆ ಅಳುತ್ತಿಲ್ಲ, ಏನನ್ನೂ ಬೇಡುತ್ತಿಲ್ಲ, ಅಮ್ಮ ಇದ್ದಾಳೆ ಅಷ್ಟೇ. ದೀಪ ಆರಿಸುವ ಮೊದಲು ಒಮ್ಮೆ ಓದಿಕೊಂಡರೆ, ನಡುರಾತ್ರಿ ಎಚ್ಚರವಾದಾಗ ಪುಸ್ತಕ ಹುಡುಕಬೇಕಾಗಿಲ್ಲ, ಒಂದು ಸಾಲು ಬಾಯಿಗೆ ಬರುತ್ತದೆ. ಜಪಮಾಲೆಯನ್ನೂ ಬಿಡಬೇಡಿ. ಅದರ ರಹಸ್ಯಗಳು, ಅಂದರೆ ಜಪ ಹೇಳುತ್ತಾ ನಾವು ಧ್ಯಾನಿಸುವ ಯೇಸು, ಮರಿಯಮ್ಮನವರ ಜೀವನದ ಸಂಗತಿಗಳು, ಹೆಚ್ಚಿನವು ಬೈಬಲಿನ ಘಟನೆಗಳೇ. ಒಂದು ರಹಸ್ಯ ಹೇಳುವ ಮೊದಲು ಅದರ ವಾಕ್ಯ ಓದಿಕೊಂಡರೆ ಬಾಯಿ, ಮನಸ್ಸು ಎರಡೂ ಒಂದು ಕಡೆ ಬರುತ್ತವೆ.

ಆಡಳಿತದವರು ಜಾಗ ಖಾಲಿ ಮಾಡಿ ಅಂದ ದಿನ ಪ್ರಾರ್ಥನೆ ಆಮೇಲೆ, ಮೊದಲು ಹೊರಡಿ. ಇನ್ನು ನಿದ್ದೆಯಿಲ್ಲದ ರಾತ್ರಿಗಳು ಮಳೆಗಾಲ ಕಳೆದ ಮೇಲೂ ಮುಂದುವರಿದರೆ, ಎದೆ ಹೊಡೆದುಕೊಳ್ಳುವುದು, ಬೆಚ್ಚಿಬೀಳುವುದು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಮ್ಮಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಸಾಧ್ಯವಾದರೆ ಒಬ್ಬರೇ ಶುರುಮಾಡಬೇಡಿ. ನಿಮ್ಮ ಧರ್ಮಕೇಂದ್ರದ ಫಾದರ್ ಅಥವಾ ಸಿಸ್ಟರ್‌ಗಳನ್ನು ಕೇಳಿ, ಇಬ್ಬರು ಮೂವರು ಸೇರಿದರೂ ಸಾಕು. ಒಬ್ಬರು ಓದಲಿ, ಉಳಿದವರು ಕೇಳಲಿ. ಆಮೇಲೆ ತಮ್ಮನ್ನು ಹಿಡಿದ ಮಾತನ್ನು ಒಬ್ಬೊಬ್ಬರೇ ಹೇಳಲಿ, ಅದಕ್ಕೆ ಯಾರೂ ಬುದ್ಧಿ ಹೇಳುವುದು ಬೇಡ. ವಿರಾಜಪೇಟೆಗೆ ಬರುವುದಾದರೆ ಇಲ್ಲೇ ಬರೆಯಿರಿ, ನಮ್ಮ ಜೊತೆಯೂ ಕೂರಬಹುದು.